ಹಳೆಯ ಕಾರಿನ ಬಾಗಿಲಿನ ಒಳಮೈ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಮೆರವಣಿಗೆ ಎಲ್ಲಿ ನಡೆದರೂ ಪತ್ರಿಕೆಗಳ ಚಿತ್ರಗಳಲ್ಲಿ ಕಾಣುವುದು ಮಿರುಗುವ ಬಾನೆಟ್, ಕ್ರೋಮ್ ಬಂಪರ್ ಮತ್ತು ಮೈಸೂರು ಪೇಟ ಧರಿಸಿದ ಮಾಲೀಕರು. ಬಾಗಿಲು ತೆರೆದು ಒಳಮೈ ತೋರಿಸಿದ ಚಿತ್ರ ಅಪರೂಪ. ನಮ್ಮ ಮನೆಯ 1972ರ ಅಂಬಾಸಿಡರ್ ಮಾರ್ಕ್ 2 ಕಾರನ್ನು ಸರಿಪಡಿಸುವಾಗ ನಾನು ಹಣ ಕಳೆದುಕೊಂಡದ್ದೂ, ನಾಲ್ಕಕ್ಷರ ಕಲಿತದ್ದೂ ಆ ಒಳಮೈಯಿಂದಲೇ ಆದ್ದರಿಂದ ಈ ಪತ್ರ.

ಮೊದಲು ಕೊಟ್ಟ ಸೀಟ್ ಕವರ್ ಅಂಗಡಿಯಲ್ಲಿ ಚಾಲಕನ ಬಾಗಿಲಿನ ಒಳಬದಿ ಮುಚ್ಚುವ ಹಳೆಯ ಹಾರ್ಡ್‌ಬೋರ್ಡ್ ಹಲಗೆಯನ್ನು ಗುಜರಿಗೆ ಎಸೆದು, ಕಣ್ಣಂದಾಜಿನಲ್ಲಿ ಹೊಸ ಹಲಗೆ ಕತ್ತರಿಸಿ, ಅದರ ಮೇಲೆ ದಪ್ಪ ಸ್ಪಂಜು ಮತ್ತು ಹೊಳೆಯುವ ರೆಕ್ಸಿನ್ ಅಂಟಿಸಿಕೊಟ್ಟರು. ಸ್ಪಂಜಿನ ದಪ್ಪದಿಂದಾಗಿ ಗಾಜು ಇಳಿಸುವ ಹಿಡಿಕೆ ತನ್ನ ಕಂಬಿಯ ಮೇಲೆ ಪೂರ್ತಿ ಕೂರಲೇ ಇಲ್ಲ. ಮಲೆನಾಡಿನ ಒಂದೇ ಮಳೆಗಾಲಕ್ಕೆ ಹಲಗೆ ನೆನೆದ ಹಪ್ಪಳದಂತೆ ಉಬ್ಬಿ, ಬಾಗಿಲಿನ ಬುಡದ ತಗಡು ತುಕ್ಕು ಹಿಡಿಯಿತು.

ಕಾರಿನ ಬಾಗಿಲೊಳಗೆ ನೀರು ಇಳಿಯುವುದು ದೋಷವಲ್ಲ. ಗಾಜಿನ ಮೇಲೆ ಬಿದ್ದ ಮಳೆನೀರು ಬೀಡಿಂಗ್ ರಬ್ಬರಿನ ಸಂದಿಯಿಂದ ಒಳಗಿಳಿದು, ಬುಡದಲ್ಲಿರುವ ಸಣ್ಣ ತೂತುಗಳ ಮೂಲಕ ಹೊರಗೆ ಹೋಗುವಂತೆಯೇ ಬಾಗಿಲನ್ನು ರೂಪಿಸಿರುತ್ತಾರೆ. ಆ ತೂತುಗಳು ಧೂಳು, ಎಲೆಯ ಚೂರುಗಳಿಂದ ಕಟ್ಟಿಕೊಂಡರೆ ಅಥವಾ ಬಣ್ಣ ಬಳಿಯುವವರು ಅವುಗಳಿಗೂ ಪುಟ್ಟಿ ಮೆತ್ತಿದರೆ, ನೀರು ಅಲ್ಲೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹಲಗೆಯ ಹಿಂದೆ ತೇವ ತಡೆಯಲೆಂದು ಇರಬೇಕಾದ ಹಾಳೆಯನ್ನು, ಗಾಜು ಏರಿಸಿ ಇಳಿಸುವ ಮೆಷಿನ್ ರಿಪೇರಿಗೆ ಬಂದ ಯಾರೋ ಎಂದೋ ಕಿತ್ತುಹಾಕಿರುತ್ತಾರೆ. ಹೊರಗಿನ ಬಣ್ಣಕ್ಕೆ ಲಕ್ಷ ಸುರಿದವರೂ ಆ ಹಾಳೆಯ ಬಗ್ಗೆ ಕೇಳುವುದಿಲ್ಲ.

ಎರಡನೆಯ ಸಲ ನಾವೇ ಕೂತು ಕೆಲಸ ಮಾಡಿದೆವು. ಹಲಗೆ ಬಿಚ್ಚಲು ಮೊದಲು ಗಾಜಿನ ಹಿಡಿಕೆ ಕಳಚಬೇಕು. ಅದರ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿ ಹಿಡಿದರೆ ಅಡ್ಡಪಿನ್ನು ಕಾಣಿಸುತ್ತದೆ. ಅದನ್ನು ಸಣ್ಣ ಮೊಳೆಯಿಂದ ಮೆಲ್ಲಗೆ ತಟ್ಟಿ ಹೊರದೂಡಬೇಕೇ ವಿನಾ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಎಸೆದ ಹಲಗೆ ಸಿಗಲಿಲ್ಲವಾದರೂ ಅದರ ಜೋಡಿ, ಅಂದರೆ ಎಡಬಾಗಿಲಿನ ಹಲಗೆ, ಪುಣ್ಯಕ್ಕೆ ಉಳಿದಿತ್ತು. ಅದನ್ನು ಮಗುಚಿಟ್ಟು ಅಂಚು, ಕ್ಲಿಪ್ಪಿನ ತೂತು, ಹಿಡಿಕೆಯ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಅಷ್ಟೇ ದಪ್ಪದ, ನೀರಿಗೆ ಜಗ್ಗದ ಪ್ಲೈವುಡ್ಡಿನಲ್ಲಿ ಹೊಸದನ್ನು ಕತ್ತರಿಸಿ ಹಿಂಬದಿಗೆ ವಾರ್ನಿಷ್ ಹಚ್ಚಿದೆವು. ಹಾರ್ಡ್‌ಬೋರ್ಡ್ ಬಿಟ್ಟು ಪ್ಲೈವುಡ್ ಬಳಸಿದ್ದು ಮೂಲಕ್ಕೆ ಬಗೆದ ಸಣ್ಣ ದ್ರೋಹವೇ ಸರಿ, ಆದರೆ ಬೇಕೆನಿಸಿದ ದಿನ ಬಿಚ್ಚಿ ಬದಲಿಸಬಹುದಾದ ದ್ರೋಹ.

ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿರುವುದರಿಂದ ಹರಿದ ಹಳೆಯ ಹಲಗೆಯೇ ಈಗ ಉಳಿದಿರುವ ನಕ್ಷೆ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ದೊರೆಯುತ್ತದೆ. ಅದಕ್ಕಾಗಿ ವಾಹನ ಪರಿಶೀಲಿಸುವವರು ಬಾಗಿಲನ್ನೂ ಒಮ್ಮೆ ತೆರೆದು ನೋಡಲಿ. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ ಪಯಣದಂತಹ ಸಂಗ್ರಹಾಲಯಗಳು ಹಲಗೆ ಬಿಚ್ಚಿದ ಒಂದೇ ಒಂದು ಬಾಗಿಲನ್ನು, ಒಳಗಿನ ಮೆಷಿನ್, ಹಾಳೆ, ನೀರಿನ ತೂತುಗಳು ಕಾಣುವಂತೆ ಇಟ್ಟರೆ, ಮನೆಯಲ್ಲಿ ಹಳೆಯ ಕಾರಿಟ್ಟುಕೊಂಡ ನಮ್ಮಂಥವರಿಗೂ ಐಟಿಐ ವಿದ್ಯಾರ್ಥಿಗಳಿಗೂ ನೋಡಿ ಕಲಿಯಲು ಅನುಕೂಲವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತೀರ್ಥಹಳ್ಳಿ