ಹಲಸಿನ ಪೆಟ್ಟಿಗೆಯ ಹಳದಿ ಕಲೆ ನಿಲ್ಲಿಸಿಕೊಟ್ಟವರಿಗೆ

ಚಿಕ್ಕಮಗಳೂರಿನ ಪೇಂಟ್ ಅಂಗಡಿಯಲ್ಲಿ ಮಾತಿಗೆ ಸಿಕ್ಕ ಪಾಲಿಶ್ ಕೆಲಸದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಮನಸಾರೆ ಧನ್ಯವಾದ.

ಹಲಸಿನ ಮರದ ಹಳೇ ಪೆಟ್ಟಿಗೆಗೆ ಬಿಳಿ ಚಾಕ್ ಪೇಂಟ್ (ಹೊಳಪಿಲ್ಲದ, ನೀರಿನಲ್ಲಿ ಕಲಸುವ ಬಣ್ಣ) ಹೊಡೆದರೆ ಒಣಗುತ್ತಿದ್ದ ಹಾಗೇ ಹಳದಿ ಕಲೆ ಮೇಲೇಳುತ್ತದೆ. ಬಣ್ಣದಲ್ಲಿರುವ ನೀರೇ ಮರದ ಹಳದಿಯನ್ನು ಎಳೆದು ತರುತ್ತದೆ, ಇನ್ನೆಷ್ಟು ಕೈ ಕೊಟ್ಟರೂ ನಿಲ್ಲದು ಎಂದು ಬಿಡಿಸಿ ಹೇಳಿದವರು ನೀವು. ಬಣ್ಣಕ್ಕೆ ಮೊದಲು ಅರಗಿನ ಪದರ ಕೊಟ್ಟು ಕಲೆ ತಡೆಯುವ ನಿಮ್ಮ ಕ್ರಮ ಬೇರೆಯವರಿಗೂ ಸಿಗಲಿ.

ಸೋಪಿನ ನೀರಲ್ಲಿ ಜಿಡ್ಡು ತೆಗೆದು ಪೂರ್ತಿ ಒಣಗಿಸಿ, 120 ನಂಬರಿನ ಉಪ್ಪುಕಾಗದ, ಆಮೇಲೆ 220. ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ (ಶೆಲಾಕ್) ಹಾಕಿ ರಾತ್ರಿಯಿಡೀ ನೆನೆಸಿ, ಸೋಸಿ, ತೆಳುವಾಗಿ ಎರಡು ಕೈ. ಗಂಟುಗಳ ಮೇಲೆ, ಹಲಗೆ ಕೊಯ್ದ ತುದಿಗಳಲ್ಲಿ ಇನ್ನೊಂದು ಕೈ. ಹತ್ತಿರ ಬೆಂಕಿ ಇರಲೇಬಾರದು.

ನಮ್ಮ ಮಳೆಗಾಲದ ಬಗ್ಗೆ ನೀವು ಹೇಳಿದ್ದಂತೂ ಚಿನ್ನದಂಥ ಮಾತು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಅರಗು ಬೆಳ್ಳಗೆ ಮಸುಕಾಗುತ್ತದೆ. ಕೆರೆಯಬೇಕಿಲ್ಲ, ಬಿಸಿಲು ಬಿದ್ದ ದಿನ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರಾಗಿ ಒಂದೇ ಸಲ ಎಳೆದರೆ ತಿಳಿಯಾಗುತ್ತದೆ. ಉಜ್ಜಿದರೆ ಮಾತ್ರ ಅರಗು ಕಿತ್ತು ಬರುತ್ತದೆ.

ಚಾಕ್ ಪೇಂಟಿಗೆ ಎಮಲ್ಷನ್ ಮೂರು ಪಾಲು, ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು, ನೀರು ಒಂದು. ಪುಡಿಯನ್ನು ಮೊದಲು ನೀರಲ್ಲಿ ಕಲಸದಿದ್ದರೆ ಗಂಟುಗಂಟಾಗುತ್ತದೆ. ಬೇಗ ಗಟ್ಟಿಯಾಗುವುದರಿಂದ ಬೇಕಾದಷ್ಟೇ ಕಲಸಬೇಕು. ಪೆಟ್ಟಿಗೆ ಟೀಪಾಯಿ ಆಗುವುದಿದ್ದರೆ ಬಣ್ಣದ ಮೇಲೆ ಹಚ್ಚುವ ವ್ಯಾಕ್ಸ್ ಬಿಸಿ ಕಾಫಿ ಲೋಟಕ್ಕೆ ತಡೆಯದು, ನೀರಿನ ಪಿಯು (ಪಾಲಿಯುರೆಥೇನ್) ಕೋಟ್ ಎರಡು ಕೈ ಬೇಕು.

ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹೆಸರು ತಿಳಿಸಿ, ಹಿರಿಯರೇ.