ಗೆಳೆಯನಿಗೊಂದು ಪತ್ರ: ಗೋಧಿ ಹುಲ್ಲು ಹೆಣೆಯುತ್ತಿದ್ದ ಹುಡುಗಿ

ಮೆಲ್ಬರ್ನ್,
ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, "ಯಾರದೋ ಮನೆ ಅಜ್ಜಿಯ ಬೆನ್ನು ಹತ್ತಿ ನೀನ್ಯಾಕೋ ಅಲೀತಿದ್ದೀಯಾ?" ಅಂತ. ಮೊಮ್ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವ ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಿಲ್ಲ. ಇವತ್ತು ಮನೆ ಖಾಲಿ. ಕಾಫಿ ಮಾಡಿಕೊಂಡು ಕೂತಿದ್ದೇನೆ, ಎಲ್ಲ ಬರೆಯುತ್ತೇನೆ.

ಅವಳು ಯಾರದೋ ಮನೆ ಅಜ್ಜಿ ಅಲ್ಲ ಕಣೋ. ನನ್ನ ಮೊಮ್ಮಗಳ ಅಮ್ಮ ನಮ್ಮ ಸೊಸೆ. ಅವಳಮ್ಮ ನಮ್ಮ ಬೀಗಿತ್ತಿ. ಬೀಗಿತ್ತಿಯ ಅಮ್ಮ, ಅವರ ಅಮ್ಮ, ಹೀಗೆ ಬರೀ ಹೆಣ್ಣುಮಕ್ಕಳ ಸಾಲನ್ನೇ ಹಿಡಿದು ಹಿಂದಕ್ಕೆ ಹೋದರೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಆ ಹುಡುಗಿ ಸಿಗುತ್ತಾಳೆ. ಅವಳಿಂದ ಎಣಿಸಿದರೆ ನನ್ನ ಮೊಮ್ಮಗಳು ಏಳನೇ ತಲೆ. ನನ್ನ ಮನೆಯ ಮಗುವಿಗೆ ಅಜ್ಜಿಯಾದವಳು ನನಗೆ ಪರಕೀಯಳು ಹೇಗಾಗುತ್ತಾಳೆ?

ಹೆಸರು ಮಾತ್ರ ಬರೆಯುವುದಿಲ್ಲ. ಬೀಗಿತ್ತಿ ಬೇಡ ಅಂದಿದ್ದಾರೆ. ಮನೆಯಲ್ಲಿ ನಾವು "ಆ ಹುಡುಗಿ" ಅಂತಲೇ ಕರೆಯುತ್ತೇವೆ. ಸತ್ತಾಗ ಅವಳಿಗೆ 58 ವರ್ಷ, ಆದರೂ ನಮಗೆ ಹುಡುಗಿಯೇ.

ಬೀಗಿತ್ತಿಗೆ ಮೊದಲು ಒಳಗೊಳಗೇ ಅಳುಕಿತ್ತು. ಅವರ ಅಮ್ಮ ಈ ವಿಷಯ ಎತ್ತಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದರಂತೆ. ಅವಳು ಕೈದಿಯಾಗಿ ಬಂದವಳೇ? 1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 1,62,000 ಕೈದಿಗಳನ್ನು ಇಲ್ಲಿಗೆ, ಅಂದರೆ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅವರಲ್ಲಿ ಸುಮಾರು 25,000 ಹೆಂಗಸರು. ಎಷ್ಟೋ ಮನೆಗಳಲ್ಲಿ ಅದನ್ನು ಮಕ್ಕಳಿಗೂ ಹೇಳದೆ ಮುಚ್ಚಿಟ್ಟರು. ಈಗ ಕಾಲ ಪೂರ್ತಿ ಬದಲಾಗಿದೆ, ಕೈದಿ ಅಜ್ಜಿ ಇದ್ದರೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಹುಡುಗಿ ಕೈದಿಯಲ್ಲ. ಆದರೆ ಮನೆಯವರು ಹೇಳುತ್ತಿದ್ದ ಹಾಗೆ ಲಂಡನ್ನಿನ ದೊಡ್ಡ ಅಧಿಕಾರಿಯ ಮಗಳೂ ಅಲ್ಲ.

ಶುರು ಮಾಡಿದ್ದು ಕೊನೆಯಿಂದ. ಗಂಡಸಾದರೆ ಹುಟ್ಟಿದಾಗಿನ ಮನೆತನದ ಹೆಸರೇ ಸಾಯುವವರೆಗೆ ಇರುತ್ತದೆ. ಹೆಣ್ಣಿಗೆ ಮದುವೆಯ ದಿನವೇ ಆ ಹೆಸರು ಕಾಗದದಿಂದ ಮಾಯ. ನಮ್ಮದು ಪೂರ್ತಿ ಹೆಣ್ಣಿನ ಸಾಲು, ಪ್ರತಿ ತಲೆಮಾರಿಗೂ ಒಂದು ಹೊಸ ಮನೆತನದ ಹೆಸರು. ಒಂದೊಂದು ಜನನ ಪತ್ರದಲ್ಲೂ ತಾಯಿಯ ತವರಿನ ಹೆಸರು ಹುಡುಕಿ, ಅದನ್ನು ಹಿಡಿದು ಹಿಂದಿನ ಮದುವೆಗೆ ಹೋಗಬೇಕು. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು 1891ರ ಅವಳ ಮರಣ ಪತ್ರಕ್ಕೆ ಬಂದೆವು.

ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹಳೆಯ ಮರಣ ಪತ್ರ ನೀನು ನೋಡಬೇಕು. ಇಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1853ರ ಜುಲೈನಲ್ಲಿ. ಕಾಯಿಲೆ ಏನು ಅನ್ನುವುದರ ಜೊತೆಗೆ ಹುಟ್ಟಿದ ಊರು, ಅಪ್ಪನ ಹೆಸರು, ಕಸುಬು, ಅಮ್ಮನ ತವರಿನ ಹೆಸರು, ಎಲ್ಲಿ ಯಾರನ್ನು ಮದುವೆಯಾದದ್ದು, ಮಕ್ಕಳ ಹೆಸರು, ಅವರ ವಯಸ್ಸು, ಈ ಸೀಮೆಗೆ ಬಂದು ಎಷ್ಟು ವರ್ಷ, ಎಲ್ಲಕ್ಕೂ ಅಂಕಣ ಇದೆ. ಬ್ಯಾಂಕಿನ ಲೆಡ್ಜರ್ ನೋಡಿ ನೋಡಿ ಸವೆದ ಕಣ್ಣು ನನ್ನದು. ಆ ಹಾಳೆ ನೋಡಿದಾಗ ಹಳೆಯ ಕೆಲಸಕ್ಕೆ ವಾಪಸ್ ಹೋದ ಹಾಗಾಯಿತು.

ಆದರೆ ತಾಯಿಯ ಹೆಸರಿನ ಅಂಕಣದಲ್ಲಿ "ತಿಳಿಯದು" ಅಂತಿತ್ತು. ಹುಟ್ಟಿದ ಊರು ಲೂಟನ್, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಸೀಮೆಯದು. ಮಾಹಿತಿ ಕೊಟ್ಟವನು ಅಳಿಯ. ಪಾಪ, ಅತ್ತೆ ತೀರಿಕೊಂಡ ಮಾರನೇ ದಿನ ಕಚೇರಿಯಲ್ಲಿ ನಿಂತವನಿಗೆ ಅತ್ತೆಯ ಅಮ್ಮನ ಹೆಸರು ಹೇಗೆ ಗೊತ್ತಿರಬೇಕು? ಬೀಗಿತ್ತಿ ಸಪ್ಪಗಾದರು. ಆಗ ಅವಳ ಮದುವೆಯ ಪತ್ರ ತರಿಸಿದೆವು, 1856ರದ್ದು. ಅಲ್ಲಿ ಅಮ್ಮನ ಹೆಸರು, ತವರಿನ ಹೆಸರು ಎರಡೂ ಇದ್ದವು. ಊರೂ ಲೂಟನ್ ಅಲ್ಲ, ಅದರ ಹತ್ತಿರದ ಒಂದು ಹಳ್ಳಿ. ಮದುವೆಯ ದಿನ ಹೇಳಿದವಳು ಅವಳೇ ಅಲ್ವಾ! ಸತ್ತ ಮೇಲೆ ಬೇರೆಯವರು ಹೇಳಿದ್ದಕ್ಕಿಂತ, ಬದುಕಿದ್ದಾಗ ತನ್ನ ಬಾಯಿಂದ ಹೇಳಿದ್ದೇ ಹೆಚ್ಚು ಗಟ್ಟಿ. ಈ ಹುಡುಕಾಟದಲ್ಲಿ ನಾನು ಕಲಿತ ದೊಡ್ಡ ವಿಷಯ ಇದು. ಯಾವ ಕಾಗದ ಸಿಕ್ಕರೂ ಈಗ ಮೊದಲು ನೋಡುವುದು ಮಾಹಿತಿ ಕೊಟ್ಟವರು ಯಾರು ಅಂತ.

ಆ ಪತ್ರದ ಕೆಳಗೆ ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆ, ಅದರ ಮೇಲೊಂದು ಓರೆಗೆರೆ. ಅಷ್ಟೇ. ಪಕ್ಕದಲ್ಲಿ ಗುಮಾಸ್ತ "ಇವಳ ಗುರುತು" ಅಂತ ಬರೆದಿದ್ದಾನೆ. ಅದನ್ನು ನೆನಪಿಟ್ಟುಕೋ, ಮತ್ತೆ ಬರುತ್ತೇನೆ.

ಆಮೇಲೆ ಹಡಗು. "ಈ ಸೀಮೆಯಲ್ಲಿ 38 ವರ್ಷ" ಅಂತ ಮರಣ ಪತ್ರ ಹೇಳುತ್ತದೆ, ಅಂದರೆ 1853. ಸರ್ಕಾರದ ನೆರವಿನಿಂದ ಬಂದವರ ಪಟ್ಟಿ ನಾರ್ತ್ ಮೆಲ್ಬರ್ನಿನ ದಾಖಲೆ ಭಂಡಾರದಲ್ಲಿದೆ, 1839ರಿಂದ 1871ರವರೆಗೆ. ಅದರ ಸೂಚಿಯನ್ನು ಮನೆಯಲ್ಲೇ ಕೂತು ಹುಡುಕಬಹುದು. ಹುಡುಕಿದೆವು, ಇಲ್ಲ. ಒಂದಕ್ಷರ ಹೆಚ್ಚುಕಡಿಮೆ ಮಾಡಿ ಹುಡುಕಿದೆವು, ಇಲ್ಲ. ಮೂರು ವಾರ ಬೇರೆ ಯಾವುದೋ ಹುಡುಗಿಯ ಹಿಂದೆ ಹೋಗಿದ್ದೆವು. ಅದೇ ಹೆಸರು, ಪಕ್ಕದ ಹಳ್ಳಿ. ಕೊನೆಗೆ ನೋಡಿದರೆ ಆ ಮಗು ಎರಡು ವರ್ಷಕ್ಕೇ ತೀರಿಕೊಂಡಿತ್ತು. ಆವತ್ತು ಇಬ್ಬರೂ ಕಂಪ್ಯೂಟರ್ ಮುಚ್ಚಿ ಸುಮ್ನೆ ಕೂತೆವು.

ದಾರಿ ತೋರಿಸಿದ್ದು ನಮ್ಮ ಕನ್ನಡ ಕಣೋ. ಅವಳ ತವರಿನ ಹೆಸರು ಹಕಾರದಿಂದ ಶುರುವಾಗುತ್ತದೆ. ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ನಮ್ಮ ಊರಿನ ಹಾಲಿನವನು ನೆನಪಾದ. ದಿನಾ ಬಾಗಿಲಲ್ಲಿ ನಿಂತು "ಆಲು" ಅಂತ ಕೂಗುತ್ತಿದ್ದನಲ್ಲ? ಇಂಗ್ಲೆಂಡಿನ ಹಳ್ಳಿಗಳ ಮಾತಿನಲ್ಲೂ ಹಕಾರ ಹಾಗೇ ಬಿದ್ದುಹೋಗುತ್ತದೆ. ಬರೆದುಕೊಳ್ಳುವ ಗುಮಾಸ್ತನಿಗೆ ಕಿವಿಗೆ ಬಿದ್ದದ್ದೇ ಹೆಸರು. ಎದ್ದು ಹಕಾರ ಬಿಟ್ಟು ಹುಡುಕಿದೆ. ಸಿಕ್ಕಿಬಿಟ್ಟಳು! ರಾತ್ರಿ ಹನ್ನೊಂದೂವರೆಗೆ ಬೀಗಿತ್ತಿಗೆ ಫೋನ್ ಮಾಡಿದೆ. ಏನಾಯಿತೋ ಅಂತ ಗಾಬರಿಯಾಗಿ ಎತ್ತಿದವರು, ವಿಷಯ ಕೇಳಿ ಅತ್ತುಬಿಟ್ಟರು.

ಪಟ್ಟಿಯಲ್ಲಿ ಅವಳಿಗೆ ಒಂದೇ ಒಂದು ಸಾಲು. ವಯಸ್ಸು 20. ಮನೆಗೆಲಸದವಳು. ಬೆಡ್‌ಫರ್ಡ್‌ಶೈರ್. ವೆಸ್ಲಿಯನ್ (ಅದು ಕ್ರೈಸ್ತರಲ್ಲಿ ಒಂದು ಪಂಥ). ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಳಿದದ್ದು ಜಿಲಾಂಗ್ ಬಂದರಿನಲ್ಲಿ. ಒಂಟಿಯಾಗಿ ಬಂದಿದ್ದಾಳೆ. ಗಂಡ, ಅಧಿಕಾರಿ ಅಪ್ಪ, ಯಾರೂ ಜೊತೆಗಿಲ್ಲ.

ಓದು ಬಂದು ಬರಹ ಬಾರದಿರುವುದು ನಮಗೆ ವಿಚಿತ್ರ ಅನ್ನಿಸುತ್ತದೆ. ಆಗ ಬಡವರ ಮಕ್ಕಳಿಗೆ ಭಾನುವಾರದ ಶಾಲೆಯಲ್ಲಿ ಬೈಬಲ್ ಓದುವುದನ್ನು ಕಲಿಸುತ್ತಿದ್ದರು, ಬರೆಯುವುದನ್ನು ಎಲ್ಲ ಕಡೆ ಕಲಿಸುತ್ತಿರಲಿಲ್ಲ.

"ವೆಸ್ಲಿಯನ್" ಅನ್ನುವ ಒಂದು ಪದ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿಯವರೆಗೆ ಊರ ಚರ್ಚಿನ ಪುಸ್ತಕದಲ್ಲಿ ಅವಳ ನಾಮಕರಣ ಹುಡುಕುತ್ತಿದ್ದೆವು. ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರ ಜುಲೈ 1ಕ್ಕೆ, ಇವಳು ಅದಕ್ಕೂ ಮುಂಚಿನವಳು. ಅವಳ ಮನೆಯವರು ಹೋಗುತ್ತಿದ್ದದ್ದು ಬೇರೆ ಪಂಥದ ಪ್ರಾರ್ಥನಾ ಮಂದಿರಕ್ಕೆ. ಅಂಥ ಮಂದಿರಗಳ ಎಷ್ಟೋ ಪುಸ್ತಕಗಳನ್ನು ಸರ್ಕಾರ ಆಗಲೇ ತರಿಸಿಕೊಂಡಿತ್ತು, ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಭಂಡಾರದಲ್ಲಿವೆ. ಅಲ್ಲಿ ಅವಳಿದ್ದಳು, 1833.

ಜನಗಣತಿಯಲ್ಲೂ ಸಿಕ್ಕಳು. ಇಂಗ್ಲೆಂಡಿನಲ್ಲಿ ಮನೆಮಂದಿಯ ಹೆಸರು ಬರೆದುಕೊಂಡ ಮೊದಲ ದೇಶವ್ಯಾಪಿ ಗಣತಿ 1841ರದ್ದು. ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುತ್ತಾರೆ, ಹಾಗಾಗಿ 38ರ ಅಮ್ಮ 35 ಆಗಿದ್ದಾಳೆ. 1851ರಲ್ಲಿ ನಮ್ಮ ಹುಡುಗಿಗೆ 18. ಅಪ್ಪ ಹೊಲದ ಕೂಲಿ. ಅಮ್ಮ, ಇವಳು, ಇಬ್ಬರು ತಂಗಿಯರು, ನಾಲ್ವರ ಮುಂದೆಯೂ ಒಂದೇ ಕಸುಬು: ಗೋಧಿ ಹುಲ್ಲು ಹೆಣೆಯುವವರು.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಲೂಟನ್ ಟೋಪಿಗಳ ಊರು. ಸುತ್ತಲಿನ ಹಳ್ಳಿಗಳ ಹೆಂಗಸರು ಗೋಧಿಯ ಹುಲ್ಲುಕಡ್ಡಿ ಸೀಳಿ, ಜಡೆಯ ಹಾಗೆ ಹೆಣೆದು, 20 ಗಜದ ಲೆಕ್ಕದಲ್ಲಿ ಮಾರುತ್ತಿದ್ದರು. ನಾಲ್ಕೈದು ವರ್ಷದ ಮಕ್ಕಳನ್ನೂ ಹೆಣೆಯುವ ಶಾಲೆಗೆ ಕಳಿಸುತ್ತಿದ್ದರು. ಕಡ್ಡಿ ಒಣಗಿದರೆ ಮುರಿಯುತ್ತದೆ. ಅದಕ್ಕೆ ಒಂದಿಷ್ಟು ಕಡ್ಡಿಗಳನ್ನು ಬಾಯಲ್ಲೇ ಇಟ್ಟುಕೊಂಡು, ಎಂಜಲಲ್ಲಿ ನೆನೆಸಿ, ಒಂದೊಂದಾಗಿ ಎಳೆದು ಹೆಣೆಯುತ್ತಿದ್ದರು. ಬಾಗಿಲಲ್ಲಿ ನಿಂತಾಗಲೂ, ದಾರಿಯಲ್ಲಿ ನಡೆಯುವಾಗಲೂ ಕೈ ಹೆಣೆಯುತ್ತಲೇ ಇರುತ್ತಿತ್ತು. ನಮ್ಮಮ್ಮ ಮುತ್ತುಗದ ಎಲೆ ಹಚ್ಚುವುದು ನಿನಗೆ ನೆನಪಿದೆಯಾ? ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಮ್ಮಿಬ್ಬರಿಗೂ ಬೈಯುತ್ತಿದ್ದಳಲ್ಲ? ನನಗೆ ಆ ಹುಡುಗಿಯ ಮುಖ ಗೊತ್ತಿಲ್ಲ, ಫೋಟೋ ಇಲ್ಲ. ಬಾಯಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿಂದ ಯಾಕೆ ಹೊರಟಳು ಅಂತ ಯಾವ ಕಾಗದವೂ ಹೇಳುವುದಿಲ್ಲ. ಸುತ್ತಲಿನ ಸಂಗತಿ ಗೊತ್ತು. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಗಂಡಸರೆಲ್ಲ ಚಿನ್ನದ ಹಿಂದೆ ಓಡಿದರು, ಮನೆಗೆಲಸಕ್ಕೆ ಜನವೇ ಇಲ್ಲ. ಜಮೀನು ಮಾರಿ ಬಂದ ಹಣದಲ್ಲಿ ಇಲ್ಲಿನ ಸರ್ಕಾರಗಳು ಹಡಗಿನ ಖರ್ಚು ಕೊಟ್ಟು ಹುಡುಗಿಯರನ್ನು ಕರೆಸಿಕೊಂಡವು. ಹಡಗಿನ ಮುಂಭಾಗದಲ್ಲಿ ಒಂಟಿ ಗಂಡಸರು, ನಡುವೆ ಸಂಸಾರಸ್ಥರು, ಹಿಂಭಾಗದಲ್ಲಿ ಒಂಟಿ ಹುಡುಗಿಯರು. ಅವರ ಮೇಲೆ ಕಣ್ಣಿಡಲು ಒಬ್ಬ ಮೇಟ್ರನ್. ಮೂರು ತಿಂಗಳಿಗೂ ಜಾಸ್ತಿ ನೀರಿನ ಮೇಲೆ. ವಾಪಸ್ ಹೋಗುವ ಮಾತಂತೂ ಇಲ್ಲ.

ಹೀಗೆ ಬಂದ ಹುಡುಗಿಯರ ಪರವಾಗಿ ದುಡಿದ ಕ್ಯಾರೊಲಿನ್ ಚಿಸಮ್ ವಿಷಯ ನಿನಗೆ ಹೇಳಲೇಬೇಕು. ಆಕೆ ಇಲ್ಲಿಗೆ ಬಂದದ್ದು ನಮ್ಮ ಮದ್ರಾಸಿನಿಂದ! ಗಂಡ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ. ಮದ್ರಾಸಿನಲ್ಲಿ ಯುರೋಪಿಯನ್ ಸೈನಿಕರ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದಳು. 1838ರಲ್ಲಿ ಸಿಡ್ನಿಗೆ ಬಂದಾಗ, ಹಡಗಿನಿಂದ ಇಳಿದ ಹುಡುಗಿಯರು ಕೆಲಸವಿಲ್ಲದೆ, ಮಲಗಲು ಜಾಗವಿಲ್ಲದೆ ಬೀದಿಯಲ್ಲಿರುವುದನ್ನು ಕಂಡಳು. 1841ರಲ್ಲಿ ಅವರಿಗಾಗಿ ಮನೆ ತೆರೆದಳು. ಬಿಳಿ ಕುದುರೆ ಏರಿ, ಹುಡುಗಿಯರ ಗುಂಪು ಕಟ್ಟಿಕೊಂಡು ಒಳನಾಡಿಗೆ ಹೋಗಿ, ಒಳ್ಳೆಯ ಮನೆ ನೋಡಿ ಕೆಲಸಕ್ಕೆ ಸೇರಿಸುತ್ತಿದ್ದಳು. 1967ರಲ್ಲಿ ಬಂದ ಐದು ಡಾಲರಿನ ನೋಟಿನ ಮೇಲೆ ಆಕೆಯ ಚಿತ್ರವಿತ್ತು. ಬೀಗಿತ್ತಿಯ ಹತ್ತಿರ ಅಂಥದ್ದೊಂದು ನೋಟು ಇನ್ನೂ ಇದೆ. ನಮ್ಮ ಹುಡುಗಿ ಬರುವ ಹೊತ್ತಿಗೆ ಇಂಥವರ ಹೋರಾಟದಿಂದ ಒಂದಿಷ್ಟು ನೆಲೆ ಸಿಕ್ಕಿತ್ತು ಅಂತ ನನಗೆ ಅನ್ನಿಸುತ್ತದೆ.

ಈಗ ಆ ಅಡ್ಡಗೆರೆಗೆ ಬರುತ್ತೇನೆ.

ಹೋದ ಮಂಗಳವಾರ ಬೀಗಿತ್ತಿ ಇನ್ನೊಂದು ಹಾಳೆ ತೆಗೆದರು. ಇವಳ ಮಗಳ ಮದುವೆ ಪತ್ರ, 1884. ಅದನ್ನು ಮೊದಲೇ ತರಿಸಿದ್ದೆವು. ಬೇಕಾದ ಹೆಸರು ಸಿಕ್ಕಿದ ಕೂಡಲೇ ಮಡಚಿಟ್ಟಿದ್ದೆವು, ಕೆಳಗೆ ನೋಡಿರಲಿಲ್ಲ. ಸಾಕ್ಷಿಗಳ ಜಾಗದಲ್ಲಿ ಎರಡು ಸಹಿ. ಒಂದು ಗಂಡಿನ ಕಡೆಯವರದ್ದು. ಇನ್ನೊಂದು ಅವಳದ್ದು.

ಗುರುತು ಅಲ್ಲ, ಸಹಿ. ಪೂರ್ತಿ ಹೆಸರು. ಮೊದಲಕ್ಷರ ದೊಡ್ಡದು, ಆಮೇಲಿನವು ಒಂದೊಂದೇ ಬಿಡಿಬಿಡಿಯಾಗಿ, ಸಾಲು ಮೇಲಕ್ಕೆ ಏರಿದೆ. ಒಂದು ಕಡೆ ಮಸಿ ಜಾಸ್ತಿಯಾಗಿ ಹರಡಿದೆ, ಅಲ್ಲಿ ಪೆನ್ನು ಒತ್ತಿ ಹಿಡಿದಿರಬೇಕು. ಐವತ್ತೊಂದನೇ ವಯಸ್ಸಿನಲ್ಲಿ. ಮನೆಗೆಲಸ, ಗಂಡ, ಆರು ಮಕ್ಕಳು, ಇದರ ನಡುವೆ ಯಾವಾಗ ಕಲಿತಳೋ, ಯಾರು ಕಲಿಸಿದರೋ. ಮಗಳೇ ಕಲಿಸಿರಬೇಕು ಅಂತಾರೆ ಬೀಗಿತ್ತಿ. ವಿಕ್ಟೋರಿಯಾದಲ್ಲಿ 1872ರ ಕಾಯ್ದೆಯಿಂದ ಮಕ್ಕಳಿಗೆ ಪುಕ್ಕಟೆ, ಕಡ್ಡಾಯ ಶಾಲೆ ಬಂತು, ಆಗ ಮಗಳಿಗೆ ಹತ್ತು ವರ್ಷ. ನನಗೂ ಹಾಗೇ ನಂಬಬೇಕು ಅನ್ನಿಸುತ್ತದೆ.

ಬೀಗಿತ್ತಿ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಮೊಮ್ಮಗಳು ಬಂದು, "ಇದು ನನ್ನ ಹಾಗೇ ಬರೆದಿದೆ" ಅಂದಳು. ಅವಳೂ ಈ ವರ್ಷ ಅಕ್ಷರ ಕಲಿಯುತ್ತಿದ್ದಾಳೆ, ಅವಳ ಸಾಲೂ ಮೇಲಕ್ಕೇ ಏರುತ್ತದೆ.

ಬರುವ ಶನಿವಾರ ಎಲ್ಲರೂ ಜಿಲಾಂಗಿಗೆ ಹೋಗುತ್ತಿದ್ದೇವೆ, ಅವಳು ಇಳಿದ ಕಡಲ ದಂಡೆ ನೋಡಲು. ಸೊಸೆ ಬುತ್ತಿ ಕಟ್ಟುತ್ತಾಳೆ, ನನ್ನ ಪಾಲಿಗೆ ಚಿತ್ರಾನ್ನ. ಬಂದ ಮೇಲೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಒಂದು ಕೆಲಸ ಮಾಡು. ನಿಮ್ಮ ದೊಡ್ಡಮ್ಮನನ್ನು ಕೇಳಿ ಅವರ ಅಮ್ಮನ ಅಮ್ಮನ ಹೆಸರು, ಅವರ ತವರೂರು ಬರೆದಿಟ್ಟುಕೋ. ಅವರ ಬಾಯಿಂದಲೇ ಕೇಳು, ಬೇರೆಯವರನ್ನು ಕೇಳಬೇಡ.

ನಿನ್ನ,
ಹಳೆಯ ಗೆಳೆಯ