ದೀಪ ಹತ್ತಿದರೆ ಸಾಲದು, ಮಾರಾಯ

ಡೊಂಬಿವಲಿ

ಪ್ರಿಯ ಗಣೇಶ,

ಹಳೇ ಚೆಸ್ ಕಂಪ್ಯೂಟರ್, ಅಂದರೆ ಬೋರ್ಡಿನ ಮೇಲೆ ನಮ್ಮೆದುರು ತಾನೇ ಆಡುವ ಯಂತ್ರ, ಹುಡುಕಿಕೊಂಡು ಮುಂಬಯಿಯ ಚೋರ್ ಬಜಾರಿನ ಶುಕ್ರವಾರದ ಸಂತೆಗೆ ಹೊರಟಿದ್ದೀಯಲ್ಲ, ಟಾರ್ಚ್ ಮರೆಯಬೇಡ. ಬೆಳಗಿನ ಜಾವದ ಮಬ್ಬಿನಲ್ಲಿ ಎಲ್‌ಇಡಿ ಚೆನ್ನಾಗಿ ಕಾಣುತ್ತದೆ, ತುಕ್ಕು ಕಾಣುವುದಿಲ್ಲ. ಅಂಗಡಿಯವನು ‘ಚಾಲೂ ಹೈ ಸೇಠ್’ ಅಂದರೆ ದೀಪ ಹತ್ತುತ್ತದೆ ಅಂತ ಅಷ್ಟೇ ಅರ್ಥ.

ಸಿ ಸೈಜಿನ ಆರು, ಎಎ ಆರು ಹೊಸ ಸೆಲ್ಲು, ಮಲ್ಟಿಮೀಟರು, ಸ್ಕ್ರೂಡ್ರೈವರು ಚೀಲದಲ್ಲಿರಲಿ. ಅಲ್ಲಿ ಸಿಕ್ಕ ಅಡಾಪ್ಟರನ್ನು ಚುಚ್ಚಲೇಬೇಡ. ಅಮೆರಿಕದಿಂದ ಬಂದ ಫಿಡೆಲಿಟಿ ಕಂಪನಿಯ ಯಂತ್ರದ್ದಾದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದೂ ಎಲ್ಲದರಲ್ಲಿ ಒಂದೇ ಅಲ್ಲ. ಯಂತ್ರದಡಿಯ ಚೀಟಿ ಓದು. ಅಲೆಯ ಗುರುತಿದ್ದರೆ ಅದು ಕೇಳುವುದು ಎಸಿ.

ಮೊದಲು ಸೆಲ್ಲಿನ ಮುಚ್ಚಳ ತೆಗೆ. ಸ್ಪ್ರಿಂಗಿನ ಮೇಲೆ ಬಿಳಿ-ಹಸಿರು ಪುಡಿ ಕಂಡರೆ ಹೆದರಬೇಡ. ಆಲ್ಕಲೈನ್ ಸೆಲ್ಲು ಸೋರಿದ್ದು ಕ್ಷಾರ. ಹತ್ತಿಯಲ್ಲಿ ಲಿಂಬೆರಸ ಸವರಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಬಿಡುತ್ತದೆ. ತಂತಿಯ ತುದಿ ಮಾತ್ರ ಕೆರೆದು ನೋಡು. ತಾಮ್ರ ಕಪ್ಪಾಗಿದ್ದರೆ ಸೋರಿಕೆ ಕವಚದೊಳಗೆ ಹತ್ತಿಹೋಗಿದೆ ಎಂದರ್ಥ. ಬೆಸುಗೆ ಹಿಡಿಯುವುದಿಲ್ಲ, ತಂತಿಯನ್ನೇ ಬದಲಿಸಬೇಕು.

ನಿಜವಾದ ಪರೀಕ್ಷೆ ಬೋರ್ಡಿನದು. ಕಾಯಿ ಜೋಡಿಸುವ ಮೋಡ್‌ಗೆ ಹೋಗಿ ಎ1ರಿಂದ ಎಚ್8ರವರೆಗೆ 64 ಮನೆಯನ್ನೂ ಒಂದೊಂದಾಗಿ ಒತ್ತು. ಅಂಗಡಿಯವನು ಗೊಣಗಿದರೆ ಗೊಣಗಲಿ. ಒತ್ತಿದ ಮನೆಯ ದೀಪವೇ ಹತ್ತಬೇಕು. ಒಂದೇ ಮನೆ ಸತ್ತಿದ್ದರೆ ಆ ಜಾಗದ ಮೆಂಬ್ರೇನೇ (ಒತ್ತಿದ್ದನ್ನು ಗುರುತಿಸುವ ಒಳಹಾಳೆ) ಹೋಗಿರಬಹುದು. ಅಂಟಿಸಿದ ಹಾಳೆ ಬಿಡಿಸಲು ಹೋದರೆ ಹರಿಯುತ್ತದೆ. ಇಡೀ ಸಾಲು ಸತ್ತಿದ್ದರೆ ಎಂಟು ಮನೆಗೂ ಸೇರಿದ ಒಂದೇ ಗೆರೆಯ ದೋಷ, ಹಲವು ಸಲ ರಿಬ್ಬನ್ ಕೇಬಲ್ ಸಡಿಲಾದದ್ದು. ನನ್ನನ್ನು ಕೇಳಿದರೆ ಎರಡು ಸತ್ತ ಮನೆಗಿಂತ ಒಂದು ಸತ್ತ ಸಾಲೇ ವಾಸಿ.

ಅಯಸ್ಕಾಂತದ ಬೋರ್ಡಾದರೆ ಪ್ರತಿ ಮನೆಯಡಿ ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್, ಇರುತ್ತದೆ. 32 ಕಾಯಿಗಳ ಬುಡಕ್ಕೂ ಗುಂಡುಸೂಜಿ ಹಿಡಿದು ಅಂಟುತ್ತದೋ ನೋಡು. ಕಳೆದುಹೋದ ಆನೆಯ ಬದಲು ಯಾರೋ ಸೇರಿಸಿದ ಮರದ ಆನೆಯನ್ನು ಬೋರ್ಡು ಗುರುತಿಸುವುದೇ ಇಲ್ಲ.

ಕೊನೆಗೆ ಕೆಳಗಿನ ಲೆವೆಲ್ಲಿನಲ್ಲಿ ಹತ್ತು ನಡೆ ಆಡು, ಕ್ಯಾಸ್ಲಿಂಗೂ ಸೇರಿ. ಹೊಸ ಸೆಲ್ಲು ಹಾಕಿಯೂ ನಡುವೆ ಸ್ತಬ್ಧವಾದರೆ ಇಪ್ರಾಮ್ (ಆಟದ ಪ್ರೋಗ್ರಾಮು ತುಂಬಿದ ಚಿಪ್ಪು) ಸವೆದಿರುವ ಅನುಮಾನ. ಚಿಪ್ಪಿನ ಕಿಟಕಿಯ ಮೇಲಿನ ಸ್ಟಿಕರ್ ಕೀಳಬೇಡ. ಅಲ್ಟ್ರಾವಯೊಲೆಟ್ ಬಿದ್ದರೆ ಪ್ರೋಗ್ರಾಮೇ ಅಳಿಯುತ್ತದೆ. ಚೆನ್ನಾಗಿರುವ ಯಂತ್ರ ಸಿಕ್ಕರೂ ಮೊದಲು ಆ ಪ್ರೋಗ್ರಾಮಿನ ನಕಲು ಮಾಡಿಸಿಡು. ಚಿಪ್ಪಿನ ನಂಬರು 27ಸಿ256 ಆದರೆ ಒಟ್ಟು 32 ಕೆಬಿ. ಬೇಕಾದ ಬಿಡಿಭಾಗ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕು.

ಯಂತ್ರದ ಮೇಲೆ ಮೆಫಿಸ್ಟೊ ಅನ್ನೋ ಬ್ರ್ಯಾಂಡಿನ ಹೆಸರು ಕಂಡರೆ ಮರುಳಾಗಬೇಡ. ಮ್ಯೂನಿಕ್‌ನ ಮೂಲ ಕಂಪನಿ 1994ರಲ್ಲಿ ಸೈಟೆಕ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು, ಆಮೇಲಿನದಕ್ಕೆ ಮೊದಲಿನ ಬೆಲೆ ಕೊಡಬೇಕಿಲ್ಲ. ಅದೃಷ್ಟಕ್ಕೆ ಫಿಡೆಲಿಟಿಯ 1977ರ ಮೊಟ್ಟಮೊದಲ ಚೆಸ್ ಚಾಲೆಂಜರ್ ಯಂತ್ರ ಸಿಕ್ಕಿ, ಮನೆಗಳ ಅಕ್ಷರ-ಅಂಕಿ ಅಡ್ಡ-ಉದ್ದ ಅದಲುಬದಲಾಗಿದ್ದರೆ ಕೆಟ್ಟಿದೆ ಅಂತ ಬಿಟ್ಟು ಬರಬೇಡ. ಅದು ಹುಟ್ಟಿದ್ದೇ ಹಾಗೆ.

ಇಂತಿ ನಿನ್ನ,
ಸದಾ